ಬೀಗದ ಕೈ ಯಾರ ಸೊಂಟದಲ್ಲಿದೆ?

2021ರ ಸೆಪ್ಟೆಂಬರ್ ತಿಂಗಳ ಒಂದು ಗುರುವಾರ ಬೆಳಗ್ಗೆ ನೈಜೀರಿಯಾದ ಲಾಗೋಸ್‌ನಿಂದ ನನಗೊಂದು ಸಂದೇಶ ಬಂತು. ಕಳಿಸಿದವನು ನಮ್ಮ ಕಂಪನಿಗೆ ಗುತ್ತಿಗೆಯ ಮೇಲೆ ಕೋಡ್ ಬರೆದುಕೊಡುತ್ತಿದ್ದ ಹುಡುಗ. ಮನೆ ಬಾಡಿಗೆ ಕೊಡಬೇಕಾದ ದಿನ ಕಳೆದು ಆರು ದಿನವಾಯಿತು, ಹಣ ಯಾವಾಗ ಬರುತ್ತದೆ ಎಂದು ಕೇಳಿದ್ದ. ಹಣ ಇತ್ತು. ಎಷ್ಟಿದೆ ಎಂಬುದನ್ನು ನಾನು ಕಂಪ್ಯೂಟರ್ ಪರದೆಯ ಮೇಲೆ ಕೊನೆಯ ಅಂಕಿಯವರೆಗೂ ನೋಡುತ್ತಿದ್ದೆ; ಹಣವಿದ್ದ ಡಿಜಿಟಲ್ ವ್ಯಾಲೆಟ್‌ನ ವಿಳಾಸ ಗೊತ್ತಿದ್ದರೆ ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಆದರೆ ಅದನ್ನು ಅಲ್ಲಿಂದ ಕದಲಿಸಬಲ್ಲವನು ಒಬ್ಬನೇ, ಕಂಪನಿಯ ಸ್ಥಾಪಕ. ಆತ ಜಯನಗರದ ಒಂದು ಆಸ್ಪತ್ರೆಯಲ್ಲಿ ಡೆಂಗಿ ಜ್ವರ ಬಂದು ಮಲಗಿದ್ದ. ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರಕ್ಕೆ ಇಳಿದಿತ್ತು.

ಆಗ ನಾನು ಎಚ್‌ಎಸ್‌ಆರ್ ಲೇಔಟ್‌ನಲ್ಲಿದ್ದ ಹತ್ತೊಂಬತ್ತು ಜನರ ಆ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಗೋದಾಮಿಗೆ ಬಂದ ಅಡಿಕೆ, ಕಾಳುಮೆಣಸಿನ ರಸೀದಿಗಳನ್ನು ಬ್ಲಾಕ್‌ಚೈನ್ ಮೇಲೆ, ಅಂದರೆ ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕಪುಸ್ತಕದಲ್ಲಿ, ದಾಖಲಿಸುವ ತಂತ್ರಾಂಶ ನಮ್ಮದು. ಬೆಂಗಳೂರಿನವರ ಸಂಬಳ ಬ್ಯಾಂಕಿನ ಮೂಲಕವೇ ಹೋಗುತ್ತಿತ್ತು. ಹೊರದೇಶದ ಐವರಿಗೆ ಮಾತ್ರ ಸಿಂಗಪುರದ ಘಟಕದಿಂದ ಸ್ಟೇಬಲ್‌ಕಾಯಿನ್‌ನಲ್ಲಿ, ಅಂದರೆ ಬೆಲೆ ಏರಿಳಿಯದಂತೆ ಡಾಲರಿನಂಥ ಹಣಕ್ಕೆ ಕಟ್ಟಿದ ಡಿಜಿಟಲ್ ನಾಣ್ಯದಲ್ಲಿ, ಪಾವತಿ. ಆ ವ್ಯಾಲೆಟ್‌ನ ಸಾಧನ, ಅದು ಕಳೆದರೆ ಹಣವನ್ನು ಮರಳಿ ಪಡೆಯಲು ಬೇಕಾದ ಇಪ್ಪತ್ತನಾಲ್ಕು ಪದಗಳು, ಎಲ್ಲವೂ ಸ್ಥಾಪಕನ ಬಳಿ ಇದ್ದವು. ಬ್ಯಾಂಕಿನಲ್ಲಾದರೆ ಖಾತೆದಾರನಿಗೆ ಏನಾದರೂ ಆದಾಗ ನಾಮಿನಿ ಇರುತ್ತಾರೆ, ಮ್ಯಾನೇಜರ್ ಮುಂದೆ ಕುಳಿತು ಅರ್ಜಿ ಬರೆಯಬಹುದು. ಇಲ್ಲಿ ಅರ್ಜಿ ಬರೆಯಲು ಯಾರೂ ಇಲ್ಲ. ಆ ಇಪ್ಪತ್ತನಾಲ್ಕು ಪದ ಗೊತ್ತಿದ್ದವನೇ ಮಾಲೀಕ, ಗೊತ್ತಿಲ್ಲದವರು ಬರಿಯ ನೋಡುಗರು.

ಏಳನೆಯ ದಿನ ಆಸ್ಪತ್ರೆಗೆ ಹೋದೆ. ದಾವಣಗೆರೆಯಿಂದ ಬಂದಿದ್ದ ಅವನ ತಾಯಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಸ್ಟೀಲ್ ಲೋಟದಲ್ಲಿ ಎಳನೀರು ಹಿಡಿದುಕೊಂಡಿದ್ದರು. ಮಗ ನಿದ್ದೆಯಲ್ಲಿದ್ದ, ಡ್ರಿಪ್ ಹಾಕಿದ ಕೈಯ ತುಂಬ ಕೆಂಪು ಚುಕ್ಕೆ. ‘ಆಫೀಸಿನಲ್ಲಿ ಏನಾದರೂ ತೊಂದರೆ ಆಗಿದೆಯೇನಮ್ಮ?’ ಎಂದು ಕೇಳಿದರು. ಏನೂ ಇಲ್ಲ, ಅವರು ಮೊದಲು ಹುಷಾರಾಗಲಿ ಎಂದೆ. ಹೊರಗೆ ಬಂದು ಆಟೋ ಹಿಡಿಯುವಾಗ ಮನಸ್ಸಿಗೆ ಬಂದ ಯೋಚನೆಯನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಆ ತಾಯಿಗೆ ಮಗ ಉಳಿಯಬೇಕಿತ್ತು. ನನಗೂ ಅವನು ಉಳಿಯಬೇಕಿತ್ತು; ಆದರೆ ನನ್ನ ಪ್ರಾರ್ಥನೆಯೊಳಗೆ ಆ ಇಪ್ಪತ್ತನಾಲ್ಕು ಪದಗಳೂ ಸೇರಿಕೊಂಡಿದ್ದವು. ಒಬ್ಬ ಮನುಷ್ಯನ ಕಾಯಿಲೆಯನ್ನು ಹಾಗೆ ನೋಡುವಂತೆ ಮಾಡುವ ವ್ಯವಸ್ಥೆ ಸರಿಯಲ್ಲ ಎಂದು ಅಂದೇ ನಿಶ್ಚಯಿಸಿದೆ.

ಆತ ಗುಣವಾದ. ಒಂಬತ್ತು ದಿನ ತಡವಾಗಿ ಐವರಿಗೂ ಹಣ ಹೋಯಿತು. ಆತ ಕಚೇರಿಗೆ ಮರಳಿದ ಮೊದಲ ವಾರವೇ ಒಂದು ಪುಟದ ಟಿಪ್ಪಣಿ ಮುಂದಿಟ್ಟೆ: ವ್ಯಾಲೆಟ್‌ಗೆ ಮೂರು ಕೀ (ಗುಪ್ತ ಸಂಖ್ಯೆಯ ಬೀಗದ ಕೈ) ಇರಲಿ, ಯಾವುದಾದರೂ ಎರಡು ಸೇರಿದರೆ ಮಾತ್ರ ಹಣ ಹೊರಗೆ ಹೋಗಲಿ. ಮಲ್ಟಿಸಿಗ್ ಎನ್ನುವ ಈ ಏರ್ಪಾಡು ಹೊಸದೇನೂ ಅಲ್ಲ, ಖರ್ಚೂ ಹೆಚ್ಚಿಲ್ಲ. ಟಿಪ್ಪಣಿಯನ್ನು ಎರಡು ಸಲ ಓದಿದ. ದಿನವೂ ‘ಮೇಡಂ’ ಎನ್ನುತ್ತಿದ್ದವನು ಅಂದು, ‘ಅಕ್ಕ, ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದ.

ಆ ಪ್ರಶ್ನೆಗೆ ಉತ್ತರವಾಗಿ ನಾನು ಅವನಿಗೆ ಅಪ್ಪನ ವಿಷಯ ಹೇಳಿದೆ.

ಅಪ್ಪ ಶಿರಸಿ ಸೀಮೆಯ ಒಂದು ಸೇವಾ ಸಹಕಾರಿ ಸಂಘದಲ್ಲಿ ಕ್ಯಾಶಿಯರ್ ಆಗಿದ್ದರು. ಸಂಘದ ತಿಜೋರಿಗೆ ಎರಡು ಬೀಗ. ಒಂದರ ಕೈ ಅಪ್ಪನ ಉಡಿದಾರದಲ್ಲಿ, ಇನ್ನೊಂದು ಕಾರ್ಯದರ್ಶಿಯವರ ಬಳಿ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಅಪ್ಪ ಸ್ನಾನಕ್ಕೆ ಹೋದಾಗಲೂ ಆ ಹಿತ್ತಾಳೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಬಚ್ಚಲಿನ ಹಬೆಗೆ ಹಸಿರುಗಟ್ಟಿದ ಅದನ್ನು ಅಮ್ಮ ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಡುತ್ತಿದ್ದಳು. ಮದುವೆ ಮುಂಜಿಗೆಂದು ಊರು ಬಿಡುವಾಗ ಅಪ್ಪ ಅದನ್ನು ಬಿಚ್ಚಿ, ಸಂಘದ ರಿಜಿಸ್ಟರಿನಲ್ಲಿ ತಾರೀಕು, ಹೊತ್ತು ಬರೆದು, ಗುಮಾಸ್ತರ ಸಹಿ ಪಡೆದು ಒಪ್ಪಿಸುತ್ತಿದ್ದರು. ಒಪ್ಪಿಸುವಾಗ ಕಾರ್ಯದರ್ಶಿಯವರು ಅಲ್ಲಿ ಇರಲೇಬೇಕು. ಅಪ್ಪನ ಪ್ರಾಮಾಣಿಕತೆಯ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎರಡನೆಯ ಬೀಗದಿಂದ ಅವರಿಗೆ ಅವಮಾನವಾದದ್ದನ್ನು ನಾನು ಕಂಡಿಲ್ಲ. ‘ಇದು ನನ್ನ ಮೇಲಿನ ಅನುಮಾನಕ್ಕಲ್ಲ, ನನ್ನ ರಕ್ಷಣೆಗೆ’ ಎನ್ನುತ್ತಿದ್ದರು.

ಬ್ಲಾಕ್‌ಚೈನ್ ಕಂಪನಿಗಳ ಸ್ಥಾಪಕರ ಬಗ್ಗೆ ಓದುವಾಗಲೆಲ್ಲ ನನಗೆ ಆ ತಿಜೋರಿ ನೆನಪಾಗುತ್ತದೆ. ಅವರ ದೂರದೃಷ್ಟಿ, ಮಾತಿನ ಮೋಡಿ, ಹೂಡಿಕೆದಾರರನ್ನು ಒಲಿಸಿಕೊಳ್ಳುವ ಜಾಣ್ಮೆ, ಇವನ್ನೆಲ್ಲ ಜನ ಬಹಳ ಹೊಗಳುತ್ತಾರೆ. ಲೆಕ್ಕ ನೋಡುವವಳಾಗಿ ನಾನು ನೋಡುವುದು ಬೇರೆಯದನ್ನು. ತಾನೊಬ್ಬನೇ ಮಾಡಲಾಗದಂತೆ ಈ ಮನುಷ್ಯ ಯಾವ ಯಾವ ಕೆಲಸವನ್ನು ಕಟ್ಟಿಹಾಕಿದ್ದಾನೆ? ಬೇರೆ ಉದ್ಯಮಗಳಲ್ಲಿ ಸ್ಥಾಪಕ ತಪ್ಪಿದರೆ ತಡೆಯಲು ಬ್ಯಾಂಕು, ಆಡಿಟರ್, ಉಪನೋಂದಣಿ ಕಚೇರಿ ಏನಾದರೊಂದು ಇರುತ್ತದೆ. ಇಲ್ಲಿ ಆ ತಡೆಗಳೇ ಬೇಡವೆಂದು ತಂತ್ರಜ್ಞಾನ ಹುಟ್ಟಿದೆ. ಹಾಗಾಗಿ ಸ್ಥಾಪಕನ ಗುಣವೋ ದೋಷವೋ, ಎರಡೂ ನೇರವಾಗಿ ಜನರ ಗಂಟಿಗೆ ತಟ್ಟುತ್ತವೆ.

ಕೆನಡಾದ ಕ್ವಾಡ್ರಿಗಾಸಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೋ. ಅದರ ಸ್ಥಾಪಕ ಜೆರಾಲ್ಡ್ ಕಾಟನ್ ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಭಾರತಕ್ಕೆ ಬಂದಿದ್ದ. 2018ರ ಡಿಸೆಂಬರ್ 9ರಂದು ಜೈಪುರದಲ್ಲಿ ಕರುಳಿನ ಕಾಯಿಲೆಯ ತೊಡಕಿನಿಂದ ತೀರಿಕೊಂಡ, ವಯಸ್ಸು 30. ಸಾವಿನ ಸುದ್ದಿಯನ್ನು ಕಂಪನಿ ಹೊರಗೆ ಹೇಳಿದ್ದು ಜನವರಿಯಲ್ಲಿ. ಗ್ರಾಹಕರ ಕ್ರಿಪ್ಟೊ ಹಣವಿದ್ದ ವ್ಯಾಲೆಟ್‌ಗಳ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು ಎಂದಾಗ ಸಾವಿರಾರು ಗ್ರಾಹಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಮುಂದೆ ನ್ಯಾಯಾಲಯ ನೇಮಿಸಿದ ಲೆಕ್ಕಿಗರು ಕೆದಕಿ ನೋಡಿದಾಗ ಆ ವ್ಯಾಲೆಟ್‌ಗಳು ಅವನು ಸಾಯುವ ಎಷ್ಟೋ ತಿಂಗಳ ಮೊದಲೇ ಬರಿದಾಗಿದ್ದವು. ಸುಳ್ಳು ಹೆಸರಿನ ಖಾತೆಗಳನ್ನು ತೆರೆದು, ಇಲ್ಲದ ಹಣವನ್ನು ಅದರಲ್ಲಿ ತೋರಿಸಿ, ಗ್ರಾಹಕರ ನಿಜವಾದ ಹಣದೊಡನೆ ಆತ ವ್ಯಾಪಾರ ಆಡಿದ್ದ. ಇದು ವಂಚನೆ ಎಂದು 2020ರಲ್ಲಿ ಒಂಟಾರಿಯೊ ಷೇರು ನಿಯಂತ್ರಣ ಆಯೋಗ ಸ್ಪಷ್ಟವಾಗಿ ಬರೆಯಿತು.

ಇಲ್ಲಿ ನನ್ನನ್ನು ಕಾಡುವುದು ವಂಚನೆಯಷ್ಟೇ ಅಲ್ಲ. ಸಾಯುವ ತನಕ ಅವನು ಸಂಭಾವಿತನಂತೆಯೇ ಕಂಡಿದ್ದ. ಒಳ್ಳೆಯವನೊಬ್ಬ ಆಸ್ಪತ್ರೆಯಲ್ಲಿ ಮಲಗಿದ್ದರೂ, ಕಳ್ಳನೊಬ್ಬ ಆಸ್ಪತ್ರೆಯಲ್ಲಿ ಮಲಗಿದ್ದರೂ ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದೇ: ಮುಚ್ಚಿದ ಬಾಗಿಲು. ನಮ್ಮ ಸ್ಥಾಪಕ ಹುಡುಗ ಪ್ರಾಮಾಣಿಕ ಎಂದು ನನಗೆ ಗೊತ್ತಿತ್ತು. ಲಾಗೋಸ್‌ನವನಿಗೆ ಅದು ಹೇಗೆ ಗೊತ್ತಾಗಬೇಕು?

ಎಫ್‌ಟಿಎಕ್ಸ್ ಎಂಬ ಇನ್ನೊಂದು ಕ್ರಿಪ್ಟೊ ವಿನಿಮಯ ಕೇಂದ್ರದ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ. 32 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಕಂಪನಿ 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಹಾಕಿತು; ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಜೈಲು ಶಿಕ್ಷೆಯಾಯಿತು. ಗ್ರಾಹಕರ ಹಣವನ್ನು ತನ್ನದೇ ಇನ್ನೊಂದು ಕಂಪನಿಗೆ ಹರಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದದ್ದು. ದಿವಾಳಿಯ ನಂತರ ಅಧಿಕಾರ ವಹಿಸಿಕೊಂಡ ಜಾನ್ ರೇ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಯಲ್ಲಿ ಒಂದು ವಿವರವಿದೆ: ನೌಕರರು ಖರ್ಚಿನ ಬೇಡಿಕೆಯನ್ನು ಚಾಟ್‌ನಲ್ಲಿ ಹಾಕುತ್ತಿದ್ದರು, ಮೇಲಿನವರು ಒಂದು ಇಮೋಜಿ ಒತ್ತಿ ಮಂಜೂರು ಮಾಡುತ್ತಿದ್ದರು. ಇಪ್ಪತ್ತು ವರ್ಷ ವೋಚರ್ ಮೇಲೆ ಸಹಿ ಹಾಕಿಸಿದ ನನಗೆ ಅದನ್ನು ಓದಿ ನಿಜಕ್ಕೂ ಮೈ ಉರಿಯಿತು. ಸಹಿ ಎಂದರೆ ನಾಳೆ ಯಾರಾದರೂ ಕೇಳಿದರೆ ಹೌದು, ನಾನೇ ಒಪ್ಪಿದ್ದು ಎಂದು ಎದ್ದು ನಿಲ್ಲುವ ಮಾತು.

ಇನ್ನು ನಾನು ಮನಸಾರೆ ಗೌರವಿಸುವ ಒಬ್ಬರ ಬಗ್ಗೆ. ಎಥಿರಿಯಂ ಎಂಬ ಬ್ಲಾಕ್‌ಚೈನ್ ಜಾಲದ ಕಲ್ಪನೆಯನ್ನು 2013ರ ಕೊನೆಯಲ್ಲಿ ಬರೆದಾಗ ವಿಟಾಲಿಕ್ ಬುಟೆರಿನ್ ಅವರಿಗೆ 19 ವರ್ಷ. ಮರುವರ್ಷ ಸ್ವಿಟ್ಜರ್ಲೆಂಡಿನ ಜುಗ್‌ನಲ್ಲಿ ಸಂಸ್ಥಾಪಕರೆಲ್ಲ ಒಂದು ಮನೆಯಲ್ಲಿ ಸೇರಿ ಜಗಳವಾಡಿದರು: ಇದು ಲಾಭದ ಕಂಪನಿಯಾಗಬೇಕೇ, ಲಾಭವಿಲ್ಲದ ಪ್ರತಿಷ್ಠಾನವಾಗಬೇಕೇ ಎಂದು. ತಮಗಿಂತ ಹಿರಿಯರನ್ನು ಹೊರಗೆ ಕಳಿಸುವ ನಿರ್ಧಾರವನ್ನು ಆ ಹುಡುಗನೇ ತೆಗೆದುಕೊಳ್ಳಬೇಕಾಯಿತು, ಎಥಿರಿಯಂ ಪ್ರತಿಷ್ಠಾನವೇ ಆಯಿತು. ಹೊರಬಂದ ಚಾರ್ಲ್ಸ್ ಹಾಸ್ಕಿನ್ಸನ್ ಮುಂದೆ ಕಾರ್ಡಾನೊ ಎಂಬ ಇನ್ನೊಂದು ಬ್ಲಾಕ್‌ಚೈನ್ ಕಟ್ಟಿದರು. ಇಪ್ಪತ್ತರ ವಯಸ್ಸಿನಲ್ಲಿ, ಕಂಪನಿಯಾದರೆ ಬರಬಹುದಾದ ಹಿಡಿತವನ್ನೂ ಹಣವನ್ನೂ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಆದರೆ ನಿಜವಾದ ಪರೀಕ್ಷೆ ಬಂದದ್ದು 2016ರಲ್ಲಿ. ಎಥಿರಿಯಂ ಮೇಲೆ ಡಿಎಒ ಎಂಬ ಸಾಮೂಹಿಕ ಹೂಡಿಕೆ ನಿಧಿಯನ್ನು ಕೆಲವರು ಕಟ್ಟಿದ್ದರು. ಅದರಲ್ಲಿ ಸುಮಾರು 15 ಕೋಟಿ ಡಾಲರ್ ಬೆಲೆಯ ಈಥರ್ (ಎಥಿರಿಯಂನ ನಾಣ್ಯ) ಸೇರಿತ್ತು. ಅದರ ಕೋಡ್‌ನಲ್ಲಿ ಒಂದು ತಪ್ಪಿತ್ತು. ಲೆಕ್ಕದವರ ಭಾಷೆಯಲ್ಲಿ ಹೇಳುವುದಾದರೆ, ಕ್ಯಾಶಿಯರ್ ಮೊದಲು ಹಣ ಎಣಿಸಿ ಕೊಡುತ್ತಾನೆ, ಆಮೇಲೆ ಖಾತೆಯಲ್ಲಿ ಖರ್ಚು ಬರೆಯುತ್ತಾನೆ. ಅವನು ಬರೆಯುವ ಮೊದಲೇ ಅದೇ ಮನುಷ್ಯ ಮತ್ತೆ ಕಿಟಕಿಗೆ ಕೈ ಚಾಚಿದರೆ? ಖಾತೆಯಲ್ಲಿ ಇನ್ನೂ ಪೂರ್ತಿ ಬಾಕಿ ಕಾಣುತ್ತದೆ, ಮತ್ತೆ ಹಣ ಕೊಡುತ್ತಾನೆ. ಜೂನ್ 17ರಂದು ಯಾರೋ ಹೀಗೆ ಮತ್ತೆ ಮತ್ತೆ ಕೈ ಚಾಚಿ 36 ಲಕ್ಷ ಈಥರ್ ಎಳೆದುಕೊಂಡರು. ಅಪ್ಪ ಬದುಕಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದ ತಪ್ಪು: ಮೊದಲು ನಮೂದು, ಆಮೇಲೆ ನಗದು.

ಕದ್ದ ಹಣ ಕೆಲವು ವಾರ ಹೊರಗೆ ಹೋಗಲಾಗದಂತೆ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಏನು ಮಾಡುವುದು? ಬ್ಲಾಕ್‌ಚೈನ್‌ನಲ್ಲಿ ಬರೆದದ್ದು ಬರೆದದ್ದೇ, ಅಳಿಸುವ ಹಾಗಿಲ್ಲ ಎನ್ನುವುದೇ ಅದರ ಜೀವ. ಬುಟೆರಿನ್ ಅದೇ ದಿನ ನಡೆದದ್ದನ್ನು ಎಲ್ಲರಿಗೂ ಕಾಣುವಂತೆ ಬರೆದು, ತಮ್ಮ ಅಭಿಪ್ರಾಯವನ್ನೂ ಹೇಳಿದರು. ಮುಂದಿನ ಒಂದು ತಿಂಗಳು ವಾದ, ಪ್ರತಿವಾದ, ಬೈಗುಳ, ಮತದಾನ. ಮೊದಲು ಹೂಡಿದ ಉಪಾಯದಲ್ಲೇ ದೋಷ ಕಂಡು ಅದನ್ನು ಕೈಬಿಟ್ಟರು. ಕಡೆಗೆ ಜುಲೈ 20ರಂದು, 19,20,000ನೆಯ ಬ್ಲಾಕ್‌ನಲ್ಲಿ (ಬ್ಲಾಕ್ ಎಂದರೆ ಆ ಲೆಕ್ಕಪುಸ್ತಕದ ಒಂದು ಪುಟ), ಹಣವನ್ನು ಮೂಲ ಹೂಡಿಕೆದಾರರಿಗೆ ಮರಳಿಸುವ ಬದಲಾವಣೆ ಜಾರಿಗೆ ಬಂತು. 22 ವರ್ಷದ ಆ ಸ್ಥಾಪಕ ಅದನ್ನು ಆಜ್ಞಾಪಿಸುವ ಹಾಗಿರಲಿಲ್ಲ. ಸಾವಿರಾರು ಕಂಪ್ಯೂಟರ್‌ಗಳ ಒಡೆಯರು ಹೊಸ ತಂತ್ರಾಂಶವನ್ನು ತಾವಾಗಿ ಹಾಕಿಕೊಳ್ಳಬೇಕಿತ್ತು. ಒಪ್ಪದವರು ಹಳೆಯದನ್ನೇ ನಡೆಸಿಕೊಂಡು ಹೋದರು. ಎಥಿರಿಯಂ ಕ್ಲಾಸಿಕ್ ಎಂಬ ಹೆಸರಿನಲ್ಲಿ ಅದು ಈಗಲೂ ಇದೆ.

ಮೊದಲ ಸಲ ಇದನ್ನು ಓದಿದಾಗ ನಾನು ಒಪ್ಪಿರಲಿಲ್ಲ. ಲೆಕ್ಕ ತಿದ್ದುವುದು ನಮ್ಮ ಕಸುಬಿನಲ್ಲಿ ಮಹಾಪಾಪ. ಎರಡು ವರ್ಷದ ನಂತರ ಮತ್ತೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಹಳೆಯ ನಮೂದುಗಳನ್ನು ಅಳಿಸಿಯೇ ಇರಲಿಲ್ಲ. ಕಳವು ನಡೆದ ಬ್ಲಾಕ್‌ಗಳು ಇಂದಿಗೂ ಹಾಗೆಯೇ ಇವೆ. ಮುಂದಿನ ಪುಟದಲ್ಲಿ, ಎಲ್ಲರೆದುರು, ತಾರೀಕು ಹಾಕಿ ಒಂದು ವಿರುದ್ಧ ನಮೂದು ಬರೆದರು ಅಷ್ಟೆ. ಒಪ್ಪದವನು ಹಳೆಯ ಪುಸ್ತಕ ಹಿಡಿದು ಹೊರನಡೆಯಬಹುದಿತ್ತು. ಲೆಕ್ಕ ತಿದ್ದುವವರು ಹಾಗೆ ಮಾಡುವುದಿಲ್ಲ, ರಾತ್ರಿ ಮಾಡುತ್ತಾರೆ.

ಹಾಗೆಂದು ಎಥಿರಿಯಂನಲ್ಲಿ ಆಗ ಎಲ್ಲವೂ ಸರಿಯಿತ್ತು ಎಂದು ಹೇಳಲಾರೆ. 2017ರ ಜೂನ್‌ನಲ್ಲಿ ಬುಟೆರಿನ್ ಕಾರು ಅಪಘಾತದಲ್ಲಿ ಸತ್ತರು ಎಂದು ಯಾರೋ ಸುಳ್ಳು ಹಬ್ಬಿಸಿದರು. ಈಥರ್ ಬೆಲೆ ದಪ್ಪನೆ ಬಿತ್ತು. ಅವರು ಒಂದು ಹಾಳೆಯ ಮೇಲೆ ಆಗಷ್ಟೇ ಹುಟ್ಟಿದ ಬ್ಲಾಕ್‌ನ ಸಂಖ್ಯೆಯನ್ನೂ ಅದರ ಹ್ಯಾಶನ್ನೂ (ಆ ಬ್ಲಾಕ್‌ನ ಬೆರಳಚ್ಚಿನಂಥ ಗುರುತು) ಬರೆದು, ಎದೆಯ ಮುಂದೆ ಹಿಡಿದು ಚಿತ್ರ ತೆಗೆದು ಹಾಕಿದರು. ಆ ಬ್ಲಾಕ್ ಹುಟ್ಟುವ ಮೊದಲು ಆ ಹ್ಯಾಶ್ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲವಾದ್ದರಿಂದ ಮನುಷ್ಯ ಬದುಕಿದ್ದಾನೆ ಎಂಬುದಕ್ಕೆ ಅದೇ ಸಾಕ್ಷಿ. ಜಾಣತನದ ಉತ್ತರ, ನಿಜ. ಆದರೆ ಒಬ್ಬನ ಉಸಿರಿಗೆ ಇಡೀ ಜಾಲದ ಬೆಲೆ ತೂಗಾಡಿತಲ್ಲ! ಅದು ಅವರಿಗೂ ನಾಟಿರಬೇಕು. 2021ರ ಮೇ ತಿಂಗಳಲ್ಲಿ, ಶಿಬಾ ಇನು ಎಂಬ ನಾಣ್ಯ ಹುಟ್ಟಿಸಿದವರು ಕೇಳದೆಯೇ ಅವರ ವ್ಯಾಲೆಟ್‌ಗೆ ತುಂಬಿದ್ದ ರಾಶಿಯಲ್ಲಿ, ಅಂದಿನ ಬೆಲೆಗೆ ಸುಮಾರು ನೂರು ಕೋಟಿ ಡಾಲರ್ ಆಗುವಷ್ಟನ್ನು ನಮ್ಮ ದೇಶದ ಕೋವಿಡ್ ಪರಿಹಾರ ನಿಧಿಗೆ ಕೊಟ್ಟರು. ಉಳಿದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಸುಟ್ಟುಹಾಕಿದರು, ಅಂದರೆ ಯಾರೂ ಮತ್ತೆ ಬಳಸಲಾಗದಂತೆ ಮಾಡಿದರು. ಅಂಥ ಅಧಿಕಾರದ ಕೇಂದ್ರವಾಗಿರಲು ತಮಗೆ ಇಷ್ಟವಿಲ್ಲ ಎಂದು ಕಾರಣವನ್ನೂ ಕೊಟ್ಟರು. ನಮ್ಮ ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್‌ಗೆ ಪರದಾಡಿದ ತಿಂಗಳು ಅದು. ಅದಕ್ಕೇ ನನಗೆ ಆ ಸುದ್ದಿ ಓದಿದ ದಿನ ಇನ್ನೂ ನೆನಪಿದೆ.

2022ರ ಸೆಪ್ಟೆಂಬರ್ 15ರಂದು ಎಥಿರಿಯಂ ಮೈನಿಂಗನ್ನು, ಅಂದರೆ ಕಂಪ್ಯೂಟರ್‌ಗಳು ಪೈಪೋಟಿಯ ಮೇಲೆ ಲೆಕ್ಕ ಬಿಡಿಸಿ ಹೊಸ ಬ್ಲಾಕ್ ಸೇರಿಸುವ ಪದ್ಧತಿಯನ್ನು, ಪೂರ್ತಿ ಬಿಟ್ಟಿತು. ವಿದ್ಯುತ್ ಬಳಕೆ ಶೇ 99ಕ್ಕಿಂತ ಹೆಚ್ಚು ಇಳಿಯಿತು. ಓಡುವ ಬಸ್ಸಿನ ಎಂಜಿನ್ ಬದಲಿಸಿದಂಥ ಆ ಕೆಲಸವನ್ನು ಬೇರೆ ಬೇರೆ ದೇಶಗಳ ಬೇರೆ ಬೇರೆ ತಂಡಗಳು ಮಾಡಿ ಮುಗಿಸಿದವು. ಸ್ಥಾಪಕ ಅಲ್ಲಿದ್ದರು, ಆದರೆ ಅವರ ಕೈಯಲ್ಲೇ ಎಲ್ಲವೂ ಇರಲಿಲ್ಲ.

ಭಾರತದಲ್ಲಿ ಹುಟ್ಟಿದ ಪಾಲಿಗಾನ್ ಎಂಬ ಬ್ಲಾಕ್‌ಚೈನ್ ಜಾಲದ ವಿಷಯಕ್ಕೆ ಬಂದರೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. 2017ರಲ್ಲಿ ಮ್ಯಾಟಿಕ್ ಎಂಬ ಹೆಸರಿನಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಶುರುಮಾಡಿದ್ದು. ಮೇಲೆ ಹೇಳಿದ ಕೋವಿಡ್ ನಿಧಿ ಕಟ್ಟಿದವರು ಇದೇ ನೈಲ್ವಾಲ್. 2021ರ ಡಿಸೆಂಬರ್‌ನಲ್ಲಿ ಹೊರಗಿನವರೊಬ್ಬರು ಅವರ ಜಾಲದಲ್ಲಿ ಭಾರಿ ದೋಷವೊಂದನ್ನು ಕಂಡು ತಿಳಿಸಿದರು. ಮೊದಲು ಸದ್ದಿಲ್ಲದೆ ಸರಿಪಡಿಸಿದರು; ಅಷ್ಟರೊಳಗೆ ಎಂಟು ಲಕ್ಷ ಮ್ಯಾಟಿಕ್ ನಾಣ್ಯ ಕಳುವಾಗಿತ್ತು. ತಿಂಗಳ ಕೊನೆಗೆ ಎಲ್ಲವನ್ನೂ ಬಹಿರಂಗವಾಗಿ ಬರೆದು, ದೋಷ ಹುಡುಕಿದವರಿಗೆ ಮೂವತ್ತು ಲಕ್ಷ ಡಾಲರಿಗೂ ಮಿಗಿಲಾದ ಬಹುಮಾನ ಕೊಟ್ಟರು. ಅದು ನನಗೆ ಮೆಚ್ಚಿಗೆ. ತಕರಾರು ಬೀಗದ ಕೈ ಬಗ್ಗೆ: ಅದೇ ಕಾಲದಲ್ಲಿ ನೂರಾರು ಕೋಟಿ ಡಾಲರ್ ಹಿಡಿದಿದ್ದ ಅವರ ಕರಾರಿನ (ಜಾಲದ ಮೇಲೆ ತಾನಾಗಿಯೇ ನಡೆಯುವ ಕೋಡ್) ಎಂಟು ಕೀಗಳಲ್ಲಿ ಐದು ಸೇರಿದರೆ ಏನು ಬೇಕಾದರೂ ಬದಲಿಸಬಹುದಿತ್ತು, ಆ ಎಂಟರಲ್ಲಿ ನಾಲ್ಕು ಸ್ಥಾಪಕರದೇ. ಅದನ್ನು ಓದಿ ನಾನು ಸುಮ್ಮನೆ ಕುಳಿತೆ. ಏಕೆಂದರೆ ನಮ್ಮಲ್ಲಿಯೂ ಆಗ ಅದೇ ನಡೆದಿತ್ತು.

ನಮ್ಮ ಹುಡುಗ ಮೂರು ವಾರ ಯೋಚಿಸಿ ನನ್ನ ಟಿಪ್ಪಣಿಗೆ ಒಪ್ಪಿದ್ದ. ಮೂರು ಕೀ ಆದವು. ಒಂದು ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಿಗೆ. ಎರಡು ತನಗೇ: ಒಂದು ಕಚೇರಿಯದು, ಇನ್ನೊಂದು ಮನೆಯದು. ಮೂರರಲ್ಲಿ ಎರಡು ಬೇಕು, ಎರಡೂ ಒಬ್ಬನದೇ! ತಿಜೋರಿಗೆ ಎರಡು ಬೀಗ ಹಾಕಿ ಎರಡೂ ಕೈಗಳನ್ನು ಒಂದೇ ಉಡಿದಾರಕ್ಕೆ ಕಟ್ಟಿಕೊಂಡ ಹಾಗೆ. ನಾನು ಮತ್ತೆ ಹೇಳಿದೆ, ಅವನು ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಎಂದ. 2022ರ ಫೆಬ್ರವರಿಯಲ್ಲಿ ನಾನು ಕೆಲಸ ಬಿಟ್ಟೆ. ಅವನು ಕೆಟ್ಟವನಲ್ಲ. ಹಡೆದ ಕೂಸನ್ನು ಬೇರೆಯವರ ಕೈಗೆ ಕೊಡಲು ಭಯಪಡುತ್ತಿದ್ದ, ಆ ಭಯವನ್ನೇ ಜವಾಬ್ದಾರಿ ಎಂದುಕೊಂಡಿದ್ದ.

ಕೀಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು ಎಂಬುದನ್ನೂ ಆಮೇಲೆ ಕಂಡೆವು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಕ್ರಿಪ್ಟೊ ವಿನಿಮಯ ಕೇಂದ್ರದ ಮಲ್ಟಿಸಿಗ್ ವ್ಯಾಲೆಟ್‌ನಿಂದಲೇ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಆರು ಕೀಗಳಿದ್ದವು, ನಾಲ್ವರು ಸಹಿ ಹಾಕಬೇಕಿತ್ತು, ಹಾಕಿದ್ದರು. ಅದರ ನಂತರ ಕಂಪನಿ ಮತ್ತು ಕೀ ಕಾಯುವ ಸಂಸ್ಥೆ ಪರಸ್ಪರ ಬೆರಳು ತೋರಿಸಿದವು. ಗ್ರಾಹಕರು ತಮ್ಮ ನಾಣ್ಯಗಳಿಗಾಗಿ ಒಂದು ವರ್ಷಕ್ಕೂ ಮಿಕ್ಕಿ ಕಾದರು. ಅಪ್ಪ ಮತ್ತು ಕಾರ್ಯದರ್ಶಿಯವರು ಬೀಗ ತೆರೆದು ಸುಮ್ಮನಿರುತ್ತಿರಲಿಲ್ಲ. ಇಬ್ಬರೂ ನೋಟಿನ ಕಟ್ಟುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದರು.

ಬಿಟ್ಟುಕೊಡುವುದಷ್ಟೇ ನಾಯಕತ್ವ ಎಂದು ನಾನು ಹೇಳುತ್ತಿಲ್ಲ. ಕೆಲವು ಹೊತ್ತಿನಲ್ಲಿ ಸ್ಥಾಪಕ ಎದುರಿಗೆ ಬಂದು ನಿಲ್ಲಲೇಬೇಕು. ನಮ್ಮ ಬೆಂಗಳೂರಿನ ಯೂನೋಕಾಯಿನ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರ 2013ರಲ್ಲಿ ಶುರುವಾದದ್ದು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಕ್ರಿಪ್ಟೊ ಕಂಪನಿಗಳಿಗೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಆ ಅಕ್ಟೋಬರ್‌ನಲ್ಲಿ ಯೂನೋಕಾಯಿನ್‌ನವರು ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ನಗದು ತುಂಬುವ ಯಂತ್ರ ಇಟ್ಟರು. ಪೊಲೀಸರು ಯಂತ್ರ ವಶಪಡಿಸಿಕೊಂಡು ಸಹಸಂಸ್ಥಾಪಕರಲ್ಲಿ ಇಬ್ಬರನ್ನು ಬಂಧಿಸಿದರು. ಆ ಯಂತ್ರ ಇಟ್ಟದ್ದು ದುಡುಕು ಎಂದೇ ನನ್ನ ಅಭಿಪ್ರಾಯ. ಆದರೆ ಅವರು ಓಡಿಹೋಗಲಿಲ್ಲ, ಕಂಪನಿಯನ್ನು ಮುಚ್ಚಲಿಲ್ಲ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿದಾಗಲೂ ಅಂಗಡಿಯ ಬಾಗಿಲು ತೆರೆದೇ ಇತ್ತು. ಕಷ್ಟ ಬಂದಾಗ ಯಾರನ್ನು ಕೇಳಬೇಕು ಎಂದು ಗ್ರಾಹಕರಿಗೆ ಗೊತ್ತಿರುವುದು, ಆ ಮನುಷ್ಯ ಅದೇ ಊರಿನಲ್ಲಿ ಇರುವುದು, ಅದಕ್ಕೂ ಬೆಲೆಯಿದೆ.

ಕಳೆದ ದೀಪಾವಳಿಯ ಹೊತ್ತಿಗೆ ಆ ದಾವಣಗೆರೆಯ ಹುಡುಗ ಫೋನ್ ಮಾಡಿದ. ಹಳೆಯ ಕಂಪನಿ ಮುಚ್ಚಿ ಎರಡು ವರ್ಷವಾಗಿತ್ತು. ಇಬ್ಬರು ಗೆಳೆಯರೊಡನೆ ಹೊಸದನ್ನು ಶುರುಮಾಡುತ್ತಿದ್ದಾನೆ. ‘ಅಕ್ಕ, ಈ ಸಲ ಮೊದಲ ದಿನದಿಂದಲೇ ಐದು ಕೀ, ಮೂರು ಸಹಿ. ಒಂದನ್ನು ನೀವು ಇಟ್ಟುಕೊಳ್ಳಬೇಕು’ ಎಂದ.

ಸಂತೋಷವಾಯಿತು. ಆದರೂ ಬೇಡ ಎಂದೆ. ‘ನಿಮ್ಮ ಲೆಕ್ಕ ನಾನು ನೋಡಬೇಕೆಂದರೆ ನನ್ನ ಕೈಯಲ್ಲಿ ಕೀ ಇರಬಾರದು. ಕೀ ಇರಬೇಕೆಂದರೆ ಲೆಕ್ಕ ಬೇರೆಯವರು ನೋಡಬೇಕು. ಯಾವುದು ಬೇಕು ಹೇಳಿ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಲೆಕ್ಕವನ್ನೇ ನೋಡಿ ಎಂದ. ಹಾಗಾದರೆ ಐದು ಯಾರಿಗೆ ಎಂದು ಇಬ್ಬರೂ ಮುಕ್ಕಾಲು ಗಂಟೆ ಕುಳಿತು ಬರೆದೆವು. ಮೂವರು ಪಾಲುದಾರರಿಗೆ ಒಂದೊಂದು. ನಾಲ್ಕನೆಯದು ಮೈಸೂರಿನ ಒಬ್ಬ ವಕೀಲರಿಗೆ. ಅವರ ಕಚೇರಿಯಲ್ಲಿ ಬೆಂಕಿಗೆ ಬಗ್ಗದ ಕಪಾಟಿದೆಯಂತೆ. ಐದನೆಯದಕ್ಕೆ ಅವನು ತನ್ನ ತಾಯಿಯ ಹೆಸರು ಹೇಳಿದ. ಅದು ಮತ್ತೆ ನಿಮ್ಮ ಮನೆಯೇ ಆಗುತ್ತದಲ್ಲ ಎಂದೆ. ಹೌದಲ್ಲ ಎಂದು ಹೊಡೆದುಹಾಕಿದ. ಆ ಸಾಲು ಇನ್ನೂ ಖಾಲಿ ಇದೆ. ಮುಂದಿನ ವಾರ ಮತ್ತೆ ಮಾತನಾಡುತ್ತೇವೆ.